ಅಮ್ಮನ ಥೈರಾಯ್ಡ್ ಹತೋಟಿಗೆ ಬಂತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಅಮ್ಮನ ಥೈರಾಯ್ಡ್ ಟೆಸ್ಟ್‌ನಲ್ಲಿ ನೋಡುವ ಟಿಎಸ್‌ಎಚ್ ಕೊನೆಗೂ ನಾರ್ಮಲ್‌ಗೆ ಬಂದಿದೆ. ಎದೆ ಹೊಡೆದುಕೊಳ್ಳುವುದು ನಿಂತಿದೆ. ಇಳಿದುಹೋಗಿದ್ದ ತೂಕ ನಿಧಾನವಾಗಿ ಏರುತ್ತಿದೆ. ಇಷ್ಟು ತಿಂಗಳಿಂದ ವಿಚಾರಿಸುತ್ತಲೇ ಇದ್ದ ನಿಮಗೆಲ್ಲ ಮೊದಲು ಈ ಸುದ್ದಿ ಹೇಳೋಣ ಅನ್ನಿಸಿತು.

ಮೊದಲ ಥ್ಯಾಂಕ್ಸ್ ಡಾಕ್ಟರ್‌ಗೆ. ಥೈರಾಯ್ಡ್ ಜಾಸ್ತಿ ಆದರೆ ಕಣ್ಣು ಉಬ್ಬುತ್ತೆ, ಹಸಿವು ಹೆಚ್ಚುತ್ತೆ ಅಂತ ಕೇಳಿರುತ್ತೇವೆ. ವಯಸ್ಸಾದವರಲ್ಲಿ ಎಷ್ಟೋ ಸಲ ಅದ್ಯಾವುದೂ ಕಾಣುವುದೇ ಇಲ್ಲ. ಸುಸ್ತು, ಊಟ ಸೇರದು, ಮಾತು ಬೇಡ, ಅಷ್ಟೇ. ವಯಸ್ಸಾಯ್ತಲ್ಲ ಅಂದುಬಿಡುವುದು ಸುಲಭ. ಇವರು ಹಾಗೆ ಅನ್ನಲಿಲ್ಲ. ಅಮ್ಮನ ನಾಡಿ ತಾಳ ತಪ್ಪಿದ್ದನ್ನು ನೋಡಿ, ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆಯ ಅಂಚು ಸಣ್ಣಗೆ ನಡುಗುತ್ತಿತ್ತು. ಇಸಿಜಿ ಜೊತೆಗೆ ಥೈರಾಯ್ಡ್ ಟೆಸ್ಟೂ ಬರೆದರು.

ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಹುಡುಗಿಗೂ ಥ್ಯಾಂಕ್ಸ್. "ಕೂದಲಿಗೆ, ಉಗುರಿಗೆ ಅಂತ ಏನಾದ್ರೂ ವಿಟಮಿನ್ ಮಾತ್ರೆ ತಗೋತಾ ಇದ್ದೀರಾ ಅಜ್ಜಿ?" ಅಂತ ಕೇಳಿಯೇ ಸೂಜಿ ಹಿಡಿದಳು. ಆ ಮಾತ್ರೆಗಳಲ್ಲಿ ಬಯೋಟಿನ್ ಇದ್ದರೆ ಕೆಲವು ಟೆಸ್ಟ್‌ಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ಬರುತ್ತದಂತೆ. ಇಲ್ಲದ ಕಾಯಿಲೆಗೆ ಔಷಧಿ ಶುರುವಾಗಬಾರದು ಅಲ್ವಾ?

ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದಿಂದ ಬರುವ ಹಾರ್ಮೋನೇ ಟಿಎಸ್‌ಎಚ್. ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗ ಇದು ತಗ್ಗುತ್ತದೆ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕಾದದ್ದು ಅಮ್ಮನಿಗೆ 0.01ಕ್ಕಿಂತ ಕೆಳಗಿತ್ತು. ಮಾತ್ರೆ ಶುರುವಾದ ಮೇಲೆ ಥೈರಾಯ್ಡ್ ಗ್ರಂಥಿಯೇ ಮಾಡುವ ಹಾರ್ಮೋನ್ ಟಿ4 ಸರಿಹೋದರೂ ಟಿಎಸ್‌ಎಚ್ ತಿಂಗಳುಗಟ್ಟಲೆ ಮೇಲೇಳಲಿಲ್ಲ. ಅದು ಹಾಗೇ, ತಡವಾಗಿ ಏಳುತ್ತೆ ಅಂತ ಡಾಕ್ಟರ್ ಪ್ರತಿ ಸಲವೂ ತಾಳ್ಮೆಯಿಂದ ಹೇಳಿದರು. ಗಂಟಲು ನೋವು, ಜ್ವರ ಬಂದರೆ ಕಾಯದೆ ಬನ್ನಿ ಅಂತ ಮೆಡಿಕಲ್ ಶಾಪಿನವರು ಮಾತ್ರೆ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಈ ಔಷಧಿ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ.

ಇನ್ನು, ಈ ಬರಹ ಎಂದೂ ತಲುಪದ ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು. ವಯಸ್ಸಾದವರ ಎದೆಬಡಿತ ತಪ್ಪಿದರೆ ಥೈರಾಯ್ಡ್ ನೋಡಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಹೇಗೆ ಸಿಕ್ಕಿತು ಅಂತ ಹುಡುಕುತ್ತಾ ಹೋದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಲ್ಲಿ ಶುರುವಾದ ಹೃದಯದ ಅಧ್ಯಯನ ಸಿಕ್ಕಿತು. ಅಲ್ಲಿ 60 ದಾಟಿದ, ಎದೆಬಡಿತ ಸರಿಯಿದ್ದ 2,007 ಜನರ ಟಿಎಸ್‌ಎಚ್ ಅಳೆದು, 10 ವರ್ಷ ಅವರನ್ನು ಗಮನಿಸಿದರು. 1994ರಲ್ಲಿ ಅದರ ಫಲಿತಾಂಶ ಬಂತು. ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬರೀ 61 ಜನ. 10 ವರ್ಷದ ಲೆಕ್ಕಾಚಾರದಲ್ಲಿ, ಅವರಲ್ಲಿ 100ಕ್ಕೆ 28 ಮಂದಿಗೆ ಎದೆಬಡಿತ ತಾಳ ತಪ್ಪಿತ್ತು. ನಾರ್ಮಲ್ ಇದ್ದವರಲ್ಲಿ 100ಕ್ಕೆ 11.

ಆ 61 ಜನರ ಬಗ್ಗೆ ಎಷ್ಟು ಯೋಚಿಸಿದರೂ ಸಾಲದು. ಎಷ್ಟೋ ಜನರ ರಕ್ತ ನೋಡಿದ ಮೇಲೆ ಸಿಕ್ಕವರು ಅಷ್ಟೇ ಮಂದಿ. ಉಳಿದ ಸುಮಾರು ಎರಡು ಸಾವಿರ ಜನ ಬರದೇ ಹೋಗಿದ್ದರೆ ಹೋಲಿಸಿ ನೋಡಲು ಯಾರೂ ಇರುತ್ತಿರಲಿಲ್ಲ. ಹಳೆಯ ಟೆಸ್ಟ್‌ಗಳಿಗೆ ಕಡಿಮೆ ಯಾವುದು, ನಾರ್ಮಲ್ ಯಾವುದು ಅಂತ ಬೇರೆ ಮಾಡಲು ಆಗುತ್ತಲೇ ಇರಲಿಲ್ಲ. ಸೂಕ್ಷ್ಮ ಟೆಸ್ಟ್‌ಗಳು ಬಂದದ್ದು 1980ರ ದಶಕದಲ್ಲಿ. ಅವನ್ನು ಕಂಡುಹಿಡಿದವರಿಗೂ ನಾನು ಋಣಿ.

ತಮಗೆ ಏನೂ ಲಾಭವಿಲ್ಲದೆ, ಮಂಡಿನೋವು ಇಟ್ಟುಕೊಂಡು, ಎರಡು ವರ್ಷಕ್ಕೊಮ್ಮೆ ಹೋಗಿ ತೋಳು ಚಾಚಿದ ಆ ಅಜ್ಜ ಅಜ್ಜಿಯರಿಗೆ ಕೈಮುಗಿಯುತ್ತೇನೆ. ಅವರನ್ನು ಕರೆದುಕೊಂಡು ಹೋಗಿ, ಹೊರಗೆ ಕಾದು ಕೂತ ಮಕ್ಕಳು ಮೊಮ್ಮಕ್ಕಳಿಗೂ. ನಿಮ್ಮ ಮನೆಯ ಹಿರಿಯರು ಇಂಥ ಯಾವುದಾದರೂ ಅಧ್ಯಯನದಲ್ಲಿ ಇದ್ದರೆ, ನನ್ನ ಪರವಾಗಿ, ಅಮ್ಮನ ಪರವಾಗಿ ಅವರಿಗೊಂದು ಥ್ಯಾಂಕ್ಸ್ ಹೇಳಿಬಿಡಿ.