ಮದ್ದೂರಿನಲ್ಲಿ ಇಳಿದುಹೋದ ಮೇಡಂಗೆ

ಮೈಸೂರಿನಿಂದ ಬೆಂಗಳೂರಿಗೆ ಹೊರಟ ರೈಲಿನಲ್ಲಿ ನೀವು ನನ್ನೆದುರು ಕೂತಿದ್ದಿರಿ. ನಾನು ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇ ಪರೀಕ್ಷೆಯ ಪುಸ್ತಕ ಹಿಡಿದು ಪೆನ್ನು ಕಚ್ಚುತ್ತಿದ್ದೆ. 50 ಫ್ಯಾಕ್ಟೋರಿಯಲ್ ಅನ್ನು, ಅಂದರೆ 1ರಿಂದ 50ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧವನ್ನು, 12ರಿಂದ ಶೇಷ ಉಳಿಯದಂತೆ ಎಷ್ಟು ಸಲ ಭಾಗಿಸಬಹುದು? 12, 24, 36, 48 ಅಂತ ಎಣಿಸಿ 4 ಎಂದು ಬರೆದಿದ್ದೆ. ನಗಬೇಡಿ!

ನೀವೂ ನಗಲಿಲ್ಲ. "3 ಒಂದು ಕಡೆ, 4 ಇನ್ನೊಂದು ಕಡೆ ಇದ್ದರೂ ಗುಣಿಸಿದಾಗ 12 ಆಗುತ್ತಲ್ವಾ? 12ನ್ನು ಒಡೆದು ನೋಡಮ್ಮ" ಅಂದಿರಿ. ಎರಡು 2, ಒಂದು 3. ವಡೆ ಸುತ್ತಿದ್ದ ಕಾಗದದ ಮೇಲೇ ಬರೆಸಿದಿರಿ. 50ನ್ನು 3ರಿಂದ ಭಾಗಿಸಿದರೆ, ಶೇಷ ಬಿಟ್ಟು, 16; ಅಂದರೆ 3ರಿಂದ ಭಾಗವಾಗುವ ಸಂಖ್ಯೆಗಳು 16. ಆದರೆ 9ರಲ್ಲಿ ಇನ್ನೊಂದು 3 ಅಡಗಿದೆ, 27ರಲ್ಲಿ ಇನ್ನೂ ಎರಡು. ಅದಕ್ಕೇ 16ನ್ನು ಮತ್ತೆ ಭಾಗಿಸಿ 5, ಆಮೇಲೆ 1. ಒಟ್ಟು 22. ಹೀಗೇ 2ಗಳು 25, 12, 6, 3, 1 ಸೇರಿ 47. ಜೋಡಿ ಮಾಡಿದರೆ 23. ಯಾವುದು ಮೊದಲು ಮುಗಿಯುತ್ತೋ ಅದೇ ಉತ್ತರ, 22.

ಟ್ಯೂಷನ್‌ನಲ್ಲಿ ಬರೀ ಸೂತ್ರ ಉರು ಹೊಡೆದಿದ್ದೆ. ಭಾಗಾಕಾರ ಯಾಕೆ ಅಂತ ಅವತ್ತೇ ಗೊತ್ತಾಗಿದ್ದು.

ಹೆಸರು ಕೇಳುವಷ್ಟರಲ್ಲಿ ಮದ್ದೂರು ಬಂತು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ, ಎಣ್ಣೆ ಕಲೆ ಸಮೇತ. ತುಂಬಾ ಥ್ಯಾಂಕ್ಸ್ ಮೇಡಂ.