ಕುಳ್ಳ ಕುದುರೆ ಕೀಳಲ್ಲ

ಮಾನ್ಯ ಸಂಪಾದಕರೇ,

30 ವರ್ಷ ಕುದುರೆಗಳಿಗೆ ಲಾಳ ಹೊಡೆದವನು ನಾನು. ಕುಳ್ಳ ಕುದುರೆ ಕಂಡರೆ ಜನ ‘ತಳಿ ಕೆಟ್ಟಿದೆ’ ಅಂತ ಸುಮ್ನೆ ಹೇಳಿಬಿಡುತ್ತಾರೆ. ಬೇಜಾರಾಗುತ್ತದೆ.

ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿಸಿಯೇರಿದಾಗ ಆದಿ ಕುದುರೆ ಸಿಫ್ರಿಪಸ್ ಕುಗ್ಗಿ ಬೆಕ್ಕಿನಷ್ಟಾಯಿತು. ತೂಕ ಬರೀ 4 ಕೆ.ಜಿ.! ತಂಪಾದ ಮೇಲೆ ಮತ್ತೆ ಬೆಳೆಯಿತು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಪೋನಿ (ಕುಳ್ಳ ಕುದುರೆ) ಗಿಡ್ಡವಾಗಿದ್ದು ಅಲ್ಲಿನ ಚಳಿಗಾಳಿ, ಬಡ ಮೇವಿನಲ್ಲಿ ಬಾಳಿ. ಗಣಿ ಸುರಂಗಕ್ಕೆ ಹೊಂದಲಿ ಎಂದು ಮನುಷ್ಯ ಇನ್ನೂ ಗಿಡ್ಡದ್ದನ್ನೇ ಆರಿಸಿ ಬೆಳೆಸಿದ. ಭಾರ ಎಳೆಯಲು ಬೆಳೆಸಿದ ಶೈರ್ ತಳಿಯ ಕುದುರೆ ಒಂದು ಟನ್ ತೂಗುತ್ತದೆ. ಅದರ ಗೊರಸು ತಟ್ಟೆಯಗಲ. ಪೋನಿಯದು ನನ್ನ ಅಂಗೈಯಲ್ಲೇ ಕೂರುತ್ತದೆ, ಆದರೆ ಮೊಳೆ ಹೊಡೆದರೆ ಗೊತ್ತಾಗುತ್ತದೆ, ಎಷ್ಟು ಗಟ್ಟಿ ಅಂತ.

ಕುದುರೆ ಬಗ್ಗೆ ಬರೆಯುವಾಗ ಅದು ಬಾಳಿದ ಹವೆ, ತಿಂದ ಮೇವಿನ ವಿಚಾರವನ್ನೂ ದಯವಿಟ್ಟು ಬರೆಯಿರಿ.

– ಒಬ್ಬ ಓದುಗ