‘ನೈಸ್’ ಅಂದರೆ ದಡ್ಡ ಎಂದು ಬರೆದ ತಮ್ಮನಿಗೆ

ಪ್ರೀತಿಯ ತಮ್ಮ,

ನೀನು ಕಳಿಸಿದ ಬರಹ ಓದಿದೆ. ‘ನೈಸ್ ಅನ್ನೋ ಪದಕ್ಕೆ ನಿಜವಾದ ಅರ್ಥ ದಡ್ಡ. ಯಾರಾದರೂ ನಿಮ್ಮನ್ನು ನೈಸ್ ಅಂದರೆ ಹಿಗ್ಗಬೇಡಿ’ ಅಂತ ಶುರು ಮಾಡಿದ್ದೀಯ. ಓದಿದವರು ನಗುತ್ತಾರೆ. ನಾನೂ ನಕ್ಕೆ. ಆದರೆ ಆ ‘ನಿಜವಾದ’ ಇದೆಯಲ್ಲ, ಅದನ್ನು ಮೊದಲು ಹೊಡೆದುಹಾಕು.

ಹುಟ್ಟಿನ ವಿಷಯ ಸರಿಯಾಗೇ ಇದೆ. ಲ್ಯಾಟಿನ್ನಿನ ‘ನೆಸ್ಕಿಯುಸ್’ ಅಂದರೆ ಏನೂ ತಿಳಿಯದವನು. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಸೈನ್ಸ್ ಬಂದದ್ದೂ ಅದೇ ‘ಸ್ಕೀರೆ’ಯಿಂದ. (ಇದನ್ನು ಬಿಟ್ಟಿದ್ದೀಯ, ಸೇರಿಸು.) ಹಳೆಯ ಫ್ರೆಂಚಿನ ಮೂಲಕ 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಪೆದ್ದ ಅಂತಲೇ ಅರ್ಥ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕೂಡ ಹಾಗೆ ಬಳಸಿದ್ದಾನೆ.

ನೀನೋ ಚಾಸರನಿಂದ ಒಂದೇ ನೆಗೆತಕ್ಕೆ ಇವತ್ತಿನ ವಾಟ್ಸಾಪಿಗೆ ಬಂದುಬಿಟ್ಟೆ. ಸ್ವಾರಸ್ಯ ಇರೋದೆಲ್ಲ ನಡುವಿನಲ್ಲಿ. ಪೆದ್ದ ಅನ್ನುವುದು ನಿಧಾನಕ್ಕೆ ಅತಿ ನಾಚಿಕೆಯವನು, ಯಾವುದೂ ಸರಿಬರದ ನಾಜೂಕಿನವನು ಎನ್ನುವ ಕಡೆಗೆ ಜಾರಿತು. ಅಲ್ಲಿಂದ ಸೂಕ್ಷ್ಮ, ಕೂದಲೆಳೆಯಷ್ಟು ಸಣ್ಣದು ಅಂತಾಯಿತು. ‘ಚೆನ್ನಾಗಿದೆ’ ಅನ್ನುವ ಅರ್ಥ ಬಂದದ್ದು ತೀರಾ ತಡವಾಗಿ, 18ನೇ ಶತಮಾನದಲ್ಲಿ.

ಆ ‘ಕೂದಲೆಳೆ’ಯ ಅರ್ಥಕ್ಕೆ ಒಂದು ಉದಾಹರಣೆ ನೋಡು. 1815ರ ಜೂನ್ 18ರಂದು ನೆಪೋಲಿಯನ್ ಸೋತ ವಾಟರ್ಲೂ ಯುದ್ಧ ನಡೆಯಿತು. ಗೆದ್ದ ವೆಲ್ಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮೇಲೆ ಬಂದ ಸೇನೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಮಾರನೇ ದಿನ ಬ್ರಸೆಲ್ಸ್‌ನಲ್ಲಿ ಥಾಮಸ್ ಕ್ರೀವಿ ಎಂಬ ಪರಿಚಯದವನ ಹತ್ತಿರ ಅವನು ಆಡಿದ ಮಾತನ್ನು ಕ್ರೀವಿ ಬರೆದಿಟ್ಟಿದ್ದಾನೆ. ನಾನೂ ಪ್ರಷ್ಯದ ಸೇನಾಪತಿ ಬ್ಲೂಷರ್‌ನೂ ಸೇರಿ 30,000 ಜನರನ್ನು ಕಳೆದುಕೊಂಡೆವು ಅಂದವನು, ಅದರ ಹಿಂದೆಯೇ ಇದೊಂದು ‘ನೈಸ್’ ಸಂಗತಿ ಅನ್ನುತ್ತಾನೆ! ಇವತ್ತಿನ ಅರ್ಥ ಇಟ್ಟುಕೊಂಡು ಓದಿದರೆ ರಾಕ್ಷಸನ ಮಾತು. ನಿನ್ನ ‘ನಿಜವಾದ’ ಅರ್ಥ ಇಟ್ಟರೆ ತಲೆಬುಡವೇ ಇಲ್ಲ. ಅವನು ಹೇಳಿದ್ದು, ಕೂದಲೆಳೆಯಲ್ಲಿ ಪಾರಾದೆವು ಅಂತ.

ಎರಡೇ ವರ್ಷ ಕಳೆದು, 1817ರ ಕೊನೆಗೆ ಜೇನ್ ಆಸ್ಟಿನ್‌ಳ ಕಾದಂಬರಿ ‘ನಾರ್ಥ್ಯಾಂಗರ್ ಆ್ಯಬಿ’ ಬಂತು. ಅದರ ನಾಯಕಿ ಕ್ಯಾಥರೀನ್ ತಾನು ಓದಿದ ಒಂದು ಕಾದಂಬರಿಯನ್ನು ನೈಸ್ ಅನ್ನುತ್ತಾಳೆ. ಜೊತೆಗಿದ್ದ ನಾಯಕ ಹೆನ್ರಿ ಟಿಲ್ನಿ ಬಿಡಬೇಕಲ್ಲ! ದಿನವೂ ನೈಸು, ವಾಕಿಂಗೂ ನೈಸು, ನೀವಿಬ್ಬರೂ ನೈಸು ಅಂತ ಕಾಲೆಳೆಯುತ್ತಾನೆ. ಹಿಂದೆಲ್ಲ ಈ ಪದಕ್ಕೆ ಇಂಥದ್ದೇ ಅರ್ಥವಿತ್ತು ಅಂತ ಪಾಠ ಬೇರೆ. ಆಗ ಅವನ ತಂಗಿ, ನಿನ್ನಲ್ಲಿ ಜಾಣತನಕ್ಕಿಂತ ‘ನೈಸ್’ತನವೇ ಜಾಸ್ತಿ ಅಂತ ಬಾಯಿ ಮುಚ್ಚಿಸುತ್ತಾಳೆ. ಕೊಂಕು ತೆಗೆಯುವವನು ಎನ್ನುವ ಹಳೇ ಅರ್ಥವನ್ನೇ ಎತ್ತಿ ಅವನಿಗೆ ಹೊಡೆದಳು! ನೀನು ಬರೆದದ್ದು ಹೆನ್ರಿಯ ಹಾಗಿದೆ, ತಮ್ಮ. ಗೆದ್ದದ್ದು ಕ್ಯಾಥರೀನಳ ಅರ್ಥ.

ನಮ್ಮ ಮನೆಗಳ ಮಾತಿಗೂ ಬಾ. ಅಕ್ಕಿ ನೈಸಾಗಿ ರುಬ್ಬು ಅಂತೀವಿ. ಅಜ್ಜಿಯನ್ನು ನೈಸ್ ಮಾಡಿ ದುಡ್ಡು ಕಿತ್ತ, ಕೆಲಸದ ಹೊತ್ತಿಗೆ ನೈಸಾಗಿ ಜಾರಿಕೊಂಡ ಅಂತೀವಿ. ಲಂಡನ್ನಿನವರಿಗೆ ಇದು ಅರ್ಥವಾಗೋದಿಲ್ಲ. ಹಾಗಂತ ತಪ್ಪಾ? ‘ಅಕ್ಕಿಯನ್ನು ದಡ್ಡವಾಗಿ ರುಬ್ಬು ಅಂತ ನಿಜವಾದ ಅರ್ಥ’ ಅಂತ ಅಮ್ಮನ ಮುಂದೆ ಹೇಳಿ ನೋಡು. ಸೌಟು ಎಲ್ಲಿಗೆ ಬೀಳುತ್ತೋ ಗೊತ್ತಿಲ್ಲ. ಅಂದಹಾಗೆ, ಬೆಂಗಳೂರಿನ ನೈಸ್ ರೋಡನ್ನು ಇದರೊಳಗೆ ಎಳೆದು ತಂದಿದ್ದೀಯಲ್ಲ, ತೆಗೆದುಬಿಡು. ಅದು ಕಂಪನಿ ಹೆಸರಿನ ಮೊದಲಕ್ಷರಗಳು ಅಷ್ಟೇ.

ಪದಗಳ ಬಗ್ಗೆ ಇನ್ನೂ ಬರೆಯುವ ಆಸೆ ಇದೆ ಅಂದೆ. ಬರಿ. ಆದರೆ ನಿಘಂಟು ತೆಗೆದಾಗ ಮೂಲ ಹೇಳುವ ಒಂದು ಸಾಲಿಗೆ ನಿಲ್ಲಬೇಡ, ಕೆಳಗಿನ ಉದಾಹರಣೆಗಳನ್ನು ಓದು. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನಲ್ಲಿ ಒಂದೊಂದು ಅರ್ಥಕ್ಕೂ ಇಸವಿ ಸಮೇತ ವಾಕ್ಯ ಕೊಟ್ಟಿರುತ್ತಾರೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲೂ ಹಳೆಯ ಕಾವ್ಯಗಳ ಸಾಲುಗಳು ಸಿಗುತ್ತವೆ. ಯಾರು, ಯಾವಾಗ, ಯಾರಿಗೆ ಹೇಳಿದರು ಅನ್ನೋದು ಗೊತ್ತಾದರೆ ಬರಹ ತಾನೇ ಹುಟ್ಟುತ್ತದೆ.

ತಲೆಬರಹ ಬದಲಿಸು. ಎರಡನೇ ಪುಟದ ಬುದ್ಧಿವಾದ ಪೂರ್ತಿ ತೆಗೆ, ಆ ಜಾಗಕ್ಕೆ ವೆಲ್ಲಿಂಗ್ಟನ್‌ನನ್ನು ತಾ. ಸ್ವಲ್ಪ ಉದ್ದ ಆದರೂ ಪರವಾಗಿಲ್ಲ. ತಿದ್ದಿ ಇನ್ನೊಮ್ಮೆ ಕಳಿಸು, ಓದುತ್ತೇನೆ.

ನಿನ್ನ ಅಣ್ಣ